ಮುನಿಸಿಕೊಂಡ ಸ್ಟಾರ್ ಆಟಗಾರನನ್ನು ಏನು ಮಾಡೋದು? ಬೆಂಚಾ, ಬಾಗಿಲಾ?

ಹಳೇ ಬೂಟು:
ನಾನು ಒಂದು ಹವ್ಯಾಸಿ ಫುಟ್‌ಬಾಲ್ ತಂಡಕ್ಕೆ ಕೋಚ್. ಸಂಬಳ ಇಲ್ಲ, ಬೈಗುಳಕ್ಕೆ ಕೊರತೆ ಇಲ್ಲ. ನಮ್ಮಲ್ಲಿ ಒಬ್ಬ ಸ್ಟ್ರೈಕರ್ ಇದ್ದಾನೆ. ಹೋದ ಸೀಸನ್‌ನಲ್ಲಿ ತಂಡ ಹೊಡೆದ ಗೋಲುಗಳಲ್ಲಿ ಅರ್ಧಕ್ಕರ್ಧ ಅವನವೇ. ಈ ಸಲ 9 ಆಟ ಮುಗಿದಿವೆ, ಅವನ ಲೆಕ್ಕಕ್ಕೆ ಒಂದೇ ಗೋಲು. ಅದೂ ಪೆನಾಲ್ಟಿ. ಚೆಂಡು ಕಳೆದುಕೊಂಡರೆ ಹಿಂದೆ ಓಡುವುದಿಲ್ಲ. ಪಾಸ್ ಸ್ವಲ್ಪ ಆಚೀಚೆ ಆದರೆ ಸಾಕು, ಎರಡೂ ಕೈ ಮೇಲೆತ್ತಿ ಎಲ್ಲರಿಗೂ ಕಾಣುವ ಹಾಗೆ ನಿಲ್ಲುತ್ತಾನೆ. ಪ್ರಾಕ್ಟೀಸ್‌ಗೆ ಬರುವುದು ಎಲ್ಲರಿಗಿಂತ ಕೊನೆಗೆ, ಹೋಗುವುದು ಎಲ್ಲರಿಗಿಂತ ಮೊದಲು.

ಕಳೆದ ಭಾನುವಾರ 60ನೇ ನಿಮಿಷಕ್ಕೆ ಅವನನ್ನು ಹೊರಗೆ ಕರೆದೆ. ನನ್ನ ಕಡೆ ನೋಡಲೂ ಇಲ್ಲ. ಬೆಂಚಿನ ಮೇಲಿದ್ದ ಬಿಬ್ (ಬದಲಿ ಆಟಗಾರರು ಜರ್ಸಿ ಮೇಲೆ ಹಾಕುವ ತೆಳು ಮೇಲಂಗಿ) ತೆಗೆದು ನೆಲಕ್ಕೆ ಎಸೆದ. ಕೂತು ಬೂಟಿನ ಲೇಸ್ ಬಿಚ್ಚೋಕೆ ಶುರು ಮಾಡಿದ. ಆಟ ಇನ್ನೂ ಅರ್ಧ ಗಂಟೆ ಬಾಕಿ ಇತ್ತು. ಪಕ್ಕದಲ್ಲಿ ನಮ್ಮ 17 ವರ್ಷದ ಹುಡುಗ ಕೂತಿದ್ದ. ಅವನಿಗೆ ಈ ಸೀಸನ್‌ನಲ್ಲಿ ನಾನು ಒಂದು ನಿಮಿಷವೂ ಕೊಟ್ಟಿಲ್ಲ. ಅವನು ಮೆಲ್ಲಗೆ ಬಗ್ಗಿ ಬಿಬ್ ಎತ್ತಿದ, ಮಣ್ಣು ಕೊಡವಿದ, ಮಡಚಿ ಬೆಂಚಿನ ಮೇಲೆ ಇಟ್ಟ. ಆ ಆಟದ ಸ್ಕೋರ್ ಏನಾಯಿತು ಅಂತ ಕೇಳಿದರೆ ಯೋಚನೆ ಮಾಡಿ ಹೇಳಬೇಕು. ಆ ಬಿಬ್ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಏನು ಮಾಡಲಿ? ದೊಡ್ಡ ಕ್ಲಬ್‌ಗಳು ಏನು ಮಾಡಿವೆ, ಯಾವುದು ಕೆಲಸ ಮಾಡಿತು, ಹೇಳಿ.

ಕೆಂಪು ಕಾರ್ಡ್:
ಯೋಚನೆ ಯಾಕೆ ಗುರು, ಕಳಿಸಿಬಿಡಿ. 2022ರ ಅಕ್ಟೋಬರ್ 19 ನೆನಪಿದೆಯಾ? ಮ್ಯಾಂಚೆಸ್ಟರ್ ಯುನೈಟೆಡ್ ಟಾಟನ್‌ಹ್ಯಾಮ್ ಮೇಲೆ 2-0 ಗೆಲ್ಲುತ್ತಿತ್ತು. ರೊನಾಲ್ಡೊ ಸಬ್ (ಬದಲಿ ಆಟಗಾರ) ಆಗಿ ಇಳಿಯಲ್ಲ ಅಂದ, ಕೊನೆಯ ಸೀಟಿಗೂ ಕಾಯದೆ ಟನಲ್ ಕಡೆ ನಡೆದ. ಕೋಚ್ ಟೆನ್ ಹಾಗ್ ಮುಂದಿನ ಚೆಲ್ಸಿ ಆಟಕ್ಕೆ ಅವನನ್ನು ತಂಡದಿಂದಲೇ ಬಿಟ್ಟರು. ಆಮೇಲೆ ಟಿವಿಯಲ್ಲಿ ಸಂದರ್ಶನ ಕೊಟ್ಟು, ಕೋಚ್ ಮೇಲೆ ನನಗೆ ಗೌರವ ಇಲ್ಲ ಅಂದ. ನವೆಂಬರ್ 22ಕ್ಕೆ ಒಪ್ಪಂದ ರದ್ದು. ಹಿಂದಿನ ಸೀಸನ್‌ನಲ್ಲಿ ಅವನು ಲೀಗ್‌ನಲ್ಲಿ 18 ಗೋಲು ಹೊಡೆದಿದ್ದ, ತಂಡ 6ನೇ ಸ್ಥಾನ. ಅವನು ಹೋದ ಸೀಸನ್‌ನಲ್ಲಿ 3ನೇ ಸ್ಥಾನ, ಜೊತೆಗೆ ಲೀಗ್ ಕಪ್. ಲೆಕ್ಕ ಸರಿ ಇದೆ ಅಲ್ವಾ?

ಆಫ್‌ಸೈಡ್ ಅಕ್ಕ:
ಲೆಕ್ಕ ಅಷ್ಟು ಸಲೀಸಲ್ಲಪ್ಪ. ಅದೇ ಊರಿನ ಇನ್ನೊಂದು ಕ್ಲಬ್ ನೋಡು.

2011ರ ಸೆಪ್ಟೆಂಬರ್ 27, ಮ್ಯೂನಿಕ್. ಬಯರ್ನ್ ಎದುರು ಮ್ಯಾಂಚೆಸ್ಟರ್ ಸಿಟಿ 2-0 ಸೋಲುತ್ತಿದೆ. ಸ್ಟ್ರೈಕರ್ ಟೆವೆಜ್ ಇಳಿಯೋಕೆ ಒಪ್ಪಲಿಲ್ಲ ಅಂತ ಕೋಚ್ ಮ್ಯಾಂಚಿನಿ ಆಟ ಮುಗಿದ ತಕ್ಷಣ ಹೇಳಿದರು. ಇನ್ನು ಅವನ ಕತೆ ಮುಗಿಯಿತು ಅನ್ನುವ ಧಾಟಿಯಲ್ಲೇ ಹೇಳಿದರು. ತಪ್ಪು ತಿಳಿದುಕೊಂಡಿದ್ದಾರೆ, ನಾನು ಆಡೋಕೆ ರೆಡಿ ಇದ್ದೆ ಅಂತ ಟೆವೆಜ್ ವಾದ. ಆಮೇಲೆ ಅವನು ಅನುಮತಿ ಇಲ್ಲದೆ ಅರ್ಜೆಂಟೀನಾಗೆ ಹೋಗಿ ಕೂತ. ತಿಂಗಳುಗಟ್ಟಲೆ ಆಟ ಇಲ್ಲ. ಫೆಬ್ರವರಿಯಲ್ಲಿ ವಾಪಸ್ ಬಂದು ಕ್ಷಮೆ ಕೇಳಿದ. ಮಾರ್ಚ್ 21ಕ್ಕೆ ಚೆಲ್ಸಿ ವಿರುದ್ಧ ಸಬ್ ಆಗಿ ಇಳಿದು ನಸ್ರಿಯ ಗೆಲುವಿನ ಗೋಲಿಗೆ ಪಾಸ್ ಕೊಟ್ಟ. ಏಪ್ರಿಲ್‌ನಲ್ಲಿ ನಾರ್ವಿಚ್ ಮೇಲೆ ಹ್ಯಾಟ್ರಿಕ್. ಆ ವರ್ಷ ಸಿಟಿ, ಯುನೈಟೆಡ್ ಎರಡಕ್ಕೂ 89 ಪಾಯಿಂಟ್, ಸಿಟಿ ಲೀಗ್ ಗೆದ್ದಿದ್ದು ಗೋಲುಗಳ ಅಂತರದಲ್ಲಿ. ಮ್ಯಾಂಚಿನಿ ಹಟ ಹಿಡಿದು ಬಾಗಿಲು ಹಾಕಿಕೊಂಡಿದ್ದರೆ ಆ ಕಪ್ ಪಕ್ಕದ ಮನೆಗೆ ಹೋಗುತ್ತಿತ್ತೋ ಏನೋ.

ಅದಕ್ಕೇ ಹೇಳುವುದು, ಕೋಪ ಬಂದ ದಿನ "ಇನ್ನು ಮುಂದೆ ಯಾವತ್ತೂ ಇಲ್ಲ" ಅನ್ನುವ ಮಾತು ಬಾಯಿಂದ ಬರಬಾರದು.

ಎಡಗಾಲು:
ಟೆವೆಜ್ ವಾಪಸ್ ಬಂದಿದ್ದು ಸಿಟಿಗೆ ಗೋಲು ಬೇಕಿತ್ತು ಅಂತ ಅಕ್ಕ. ಅದನ್ನು ಕ್ಷಮೆ ಅನ್ನಬೇಡಿ, ಗರಜು ಅನ್ನಿ.

ಆಫ್‌ಸೈಡ್ ಅಕ್ಕ:
ಗರಜೇ ಆಗಲಿ ಮಾರಾಯ, ಕಪ್ ಕಪ್ಪೇ.

ಕೆಂಪು ಕಾರ್ಡ್:
ಸರಿ, ಆರ್ಸೆನಲ್ ನೋಡಿ. ಔಬಮೆಯಾಂಗ್ ನಾಯಕ. 2020ರ ಸೆಪ್ಟೆಂಬರ್‌ನಲ್ಲಿ ಹೊಸ ಮೂರು ವರ್ಷದ ಒಪ್ಪಂದ. ಅದಾದ ಮೇಲೆ ಗೋಲು ಕಮ್ಮಿ, ತಡವಾಗಿ ಬರೋದು ಜಾಸ್ತಿ. 2021ರ ಡಿಸೆಂಬರ್‌ನಲ್ಲಿ ಕೋಚ್ ಅರ್ಟೆಟಾ ನಾಯಕತ್ವ ಕಿತ್ತುಕೊಂಡರು. ಆಮೇಲೆ ಅವನು ಆರ್ಸೆನಲ್‌ಗೆ ಒಂದು ಆಟವೂ ಆಡಲಿಲ್ಲ. ಜನವರಿ ಮುಗಿಯುವ ಹೊತ್ತಿಗೆ ಬಾರ್ಸಿಲೋನಾ ಪಾಲು, ಅದೂ ಫ್ರೀಯಾಗಿ. ಈಗ ಅರ್ಟೆಟಾ ಕಟ್ಟಿದ ತಂಡದ ಶಿಸ್ತು ಹೇಗಿದೆ ನೋಡಿ. ಶಿಸ್ತು ಅಲ್ಲಿಂದಲೇ ಬಂತು.

ಆಫ್‌ಸೈಡ್ ಅಕ್ಕ:
ಅರ್ಧ ಕತೆ ಹೇಳಬೇಡ. ಬಾರ್ಸಿಲೋನಾದಲ್ಲಿ ಅವನು ಅರ್ಧ ಸೀಸನ್‌ನಲ್ಲೇ ಲೀಗ್‌ನಲ್ಲಿ 11 ಗೋಲು ಹೊಡೆದ. ಆರ್ಸೆನಲ್ ಅದೇ ಸೀಸನ್‌ನಲ್ಲಿ 69 ಪಾಯಿಂಟ್‌ಗೆ ನಿಂತಿತು, ಟಾಟನ್‌ಹ್ಯಾಮ್ 71. ಬರೀ ಎರಡು ಪಾಯಿಂಟ್‌ನಲ್ಲಿ ಯುರೋಪಿನ ದೊಡ್ಡ ಟೂರ್ನಿ ಚಾಂಪಿಯನ್ಸ್ ಲೀಗ್‌ಗೆ ಹೋಗುವ ಅವಕಾಶ ಕೈ ತಪ್ಪಿತು. ಶಿಸ್ತಿಗೆ ಬೆಲೆ ಕಟ್ಟಬೇಕು ಅಂದರೆ ಆ ಎರಡು ಪಾಯಿಂಟ್ ಕೂಡ ಬಿಲ್‌ನಲ್ಲಿ ಸೇರಿಸು.

ಇನ್ನೂ ಒಂದು ಹೇಳುತ್ತೇನೆ. ಅದೇ ಅರ್ಟೆಟಾ, ಅದೇ ಕ್ಲಬ್, ಝಾಕಾ. 2019ರ ಅಕ್ಟೋಬರ್‌ನಲ್ಲಿ ಕ್ರಿಸ್ಟಲ್ ಪ್ಯಾಲೆಸ್ ಆಟ. ನಾಯಕನನ್ನು ಹೊರಗೆ ಕರೆದಾಗ ಸ್ವಂತ ಮೈದಾನದ ಜನರೇ ಕೂಗಿ ಅಣಕಿಸಿದರು. ಅವನು ಕಿವಿಗೆ ಕೈ ಇಟ್ಟು ಇನ್ನೂ ಕೂಗಿ ಅಂದ, ಜರ್ಸಿ ಬಿಚ್ಚಿ ಒಳಗೆ ಹೋದ. ನಾಯಕತ್ವ ಹೋಯಿತು. ಕೋಚ್ ಎಮೆರಿಯೂ ಹೋದರು. ಅರ್ಟೆಟಾ ಬರುವಾಗ ಅವನು ಬ್ಯಾಗ್ ಕಟ್ಟಿಕೊಂಡು ಜರ್ಮನಿಗೆ ಹೊರಟಿದ್ದ. ಅರ್ಟೆಟಾ ಕೂರಿಸಿ ಮಾತಾಡಿದರು, ಉಳಿಸಿಕೊಂಡರು. 2022-23ರಲ್ಲಿ ಅವನನ್ನು ಸ್ವಲ್ಪ ಮುಂದೆ ಆಡಿಸಿದರು, ಲೀಗ್‌ನಲ್ಲಿ 7 ಗೋಲು. ತಂಡ 2ನೇ ಸ್ಥಾನ. ಮುಂದಿನ ವರ್ಷ ಜರ್ಮನಿಯ ಲೆವರ್ಕುಸೆನ್ ಕ್ಲಬ್ ಒಂದೂ ಸೋಲದೆ ಅಲ್ಲಿನ ಲೀಗ್ ಬುಂಡೆಸ್‌ಲಿಗಾ ಗೆದ್ದಾಗ ಅವನೇ ಮಧ್ಯದಲ್ಲಿ ನಿಂತವನು.

ಒಬ್ಬರೇ ಕೋಚ್. ಒಬ್ಬನನ್ನು ಕಳಿಸಿದರು, ಒಬ್ಬನನ್ನು ಉಳಿಸಿದರು. ಯಾಕೆ? ನನಗೆ ಅನಿಸುವುದು: ಝಾಕಾದು ಒಂದು ದಿನದ ಸ್ಫೋಟ, ಪ್ರಾಕ್ಟೀಸ್‌ನಲ್ಲಿ ಅವನ ಮೇಲೆ ದೂರು ಇರಲಿಲ್ಲ. ಔಬಮೆಯಾಂಗ್‌ನದು ಮತ್ತೆ ಮತ್ತೆ ಆದದ್ದು. ಹಳೇ ಬೂಟು ಅವರೇ, ನಿಮ್ಮ ಹುಡುಗನದು ಯಾವುದು? ಮೊದಲು ಅದನ್ನು ಹೇಳಿ.

ಹಳೇ ಬೂಟು:
ಹೋದ ಸೀಸನ್ನಿಡೀ ಏನೂ ಇರಲಿಲ್ಲ ಅಕ್ಕ. ಈ ಸೀಸನ್‌ನ ಮೂರನೇ ಆಟದಿಂದ ಶುರುವಾಯಿತು. ಈಗ ಪ್ರತಿ ವಾರ.

ಗೋಲ್‌ಪೋಸ್ಟ್:
ನಮ್ಮ ತಂಡದಲ್ಲಿ ಎಲ್ಲರೂ ಕಳಪೆ ಆಡ್ತೀವಿ, ಯಾರೂ ಸ್ಟಾರ್ ಅಲ್ಲ. ಈ ಸಮಸ್ಯೆ ಬಂದರೆ ಸಾಕಪ್ಪ ಅಂತ ಕಾಯ್ತಿದ್ದೀವಿ.

ಲೆಕ್ಕದ ಮೇಷ್ಟ್ರು:
"ಕಳಿಸಿಬಿಡಿ" ಅನ್ನುವವರಿಗೆ ದುಡ್ಡಿನ ಮಾತು ಸ್ವಲ್ಪ. ವೃತ್ತಿಪರ ಕ್ಲಬ್‌ಗೆ ಕಳಿಸುವುದು ಅಷ್ಟು ಸುಲಭ ಅಲ್ಲ.

ಮೊದಲನೆಯದು ದಂಡ. ಇಂಗ್ಲೆಂಡ್‌ನಲ್ಲಿ ಸಾಮಾನ್ಯವಾಗಿ ಎರಡು ವಾರದ ಸಂಬಳಕ್ಕಿಂತ ಜಾಸ್ತಿ ದಂಡ ಹಾಕಬೇಕಾದರೆ ಆಟಗಾರರ ಸಂಘ ಒಪ್ಪಬೇಕು. ಟೆವೆಜ್‌ಗೆ ಮ್ಯೂನಿಕ್ ಗಲಾಟೆಗೆ ಸಿಟಿ ನಾಲ್ಕು ವಾರ ಹಾಕೋಕೆ ಹೋಯಿತು, ಸಂಘ ಒಪ್ಪಲಿಲ್ಲ, ಎರಡಕ್ಕೆ ಇಳಿಯಿತು. ಅಂಥ ಆಟಗಾರನಿಗೆ ಎರಡು ವಾರದ ಸಂಬಳ ಅಂದರೆ ಸೊಳ್ಳೆ ಕಚ್ಚಿದ ಹಾಗೆ.

ಎರಡನೆಯದು ಒಪ್ಪಂದ ಮುರಿಯುವುದು. ಕಳಪೆ ಆಟ ಅದಕ್ಕೆ ಕಾರಣ ಆಗುವುದಿಲ್ಲ. ಮುಖ ಊದಿಸಿಕೊಂಡು ಕೂತರೂ ಆಗುವುದಿಲ್ಲ. ಕಾರಣ ಇಲ್ಲದೆ ಮುರಿದರೆ ಉಳಿದ ಸಂಬಳಕ್ಕೆ ಕ್ಲಬ್ಬೇ ಹೊಣೆ. 2004ರಲ್ಲಿ ಚೆಲ್ಸಿ ಮುಟುವನ್ನು ತೆಗೆದದ್ದು ಕೊಕೇನ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದ ಮೇಲೆ. ಆಮೇಲೆ ಅವನು ಕ್ಲಬ್‌ಗೆ 1.7 ಕೋಟಿ ಯೂರೋಗೂ ಜಾಸ್ತಿ ಪರಿಹಾರ ಕೊಡಬೇಕು ಅಂತ ಫಿಫಾ ತೀರ್ಪು ಕೊಟ್ಟಿತು. ಅಷ್ಟು ದೊಡ್ಡದು ಏನಾದರೂ ಇರಬೇಕು.

ಮೂರನೆಯದು ಸುಮ್ನೆ ಕೂರಿಸುವುದು. ಒಝಿಲ್ 2018ರಲ್ಲಿ ಹೊಸ ಒಪ್ಪಂದ ಮಾಡಿಕೊಂಡಾಗ ವಾರಕ್ಕೆ ಸುಮಾರು 3,50,000 ಪೌಂಡ್ ಅಂತ ವರದಿ. 2020ರ ಅಕ್ಟೋಬರ್‌ನಲ್ಲಿ ಆರ್ಸೆನಲ್ ಅವನನ್ನು ಪ್ರೀಮಿಯರ್ ಲೀಗ್ ಪಟ್ಟಿಯಿಂದಲೂ ಯುರೋಪಾ ಲೀಗ್ ಪಟ್ಟಿಯಿಂದಲೂ ಬಿಟ್ಟಿತು. ಸಂಬಳ ಮಾತ್ರ ನಡೆಯುತ್ತಲೇ ಇತ್ತು. ಬೊಗಾರ್ಡೆ ನೆನಪಿದ್ದಾನಾ? 2000ದಲ್ಲಿ ಚೆಲ್ಸಿಗೆ ಬಂದ, ನಾಲ್ಕು ವರ್ಷ ಇದ್ದ, ಲೀಗ್‌ನಲ್ಲಿ ಹತ್ತು ಆಟವನ್ನೂ ಮುಟ್ಟಲಿಲ್ಲ. ನಾನು ಸಹಿ ಹಾಕಿದ್ದೇನೆ, ನೀವೂ ಹಾಕಿದ್ದೀರಿ ಅಂತ ಆರಾಮಾಗಿ ಕೂತ. ನನಗೆ ಅವನ ಮೇಲೆ ಸಿಟ್ಟೇ ಬರಲ್ಲ, ಸಹಿ ಹಾಕಿಸಿಕೊಂಡವರು ಯಾರು?

ಇನ್ನೊಂದು ಕಡೆ ಆಟಗಾರನಿಗೂ ಫಿಫಾ ನಿಯಮದ ಆಸರೆ ಇದೆ. ಹೆಸರು ಮಾಡಿದ ಆಟಗಾರ ಒಂದು ಸೀಸನ್‌ನಲ್ಲಿ ಕ್ಲಬ್‌ನ ಅಧಿಕೃತ ಆಟಗಳಲ್ಲಿ 10%ಕ್ಕಿಂತ ಕಡಿಮೆ ಆಡಿದ್ದರೆ ಒಪ್ಪಂದ ಬಿಡಲು ಕೇಳಬಹುದು. ಬೇಕಂತಲೇ ಹಿಂಸೆ ಕೊಟ್ಟು ಓಡಿಸೋಕೆ ನೋಡಿದರೂ ಅದು ಅವನ ಪರವಾಗಿಯೇ ನಿಲ್ಲುತ್ತದೆ. ಒಬ್ಬನೇ ಓಡು, ಒಬ್ಬನೇ ಬಟ್ಟೆ ಬದಲಿಸು ಅಂತ ದಬಾಯಿಸುವ ಕ್ಲಬ್‌ಗಳು ಹುಷಾರಾಗಿರಬೇಕು.

ಹಳೇ ಬೂಟು ಅವರಿಗೆ ಇದ್ಯಾವುದೂ ಬೇಕಾಗಿಲ್ಲ, ಗೊತ್ತು. ಅವರ ಹುಡುಗನಿಗೆ ಆಟ ಮುಗಿದ ಮೇಲೆ ಬಾಳೆಹಣ್ಣು ಕೊಡದಿರಬಹುದು, ಅಷ್ಟೇ.

ಬೆಂಚ್ ಕಾಯುವವ:
ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಎಲ್ಲರೂ ಕೋಚ್ ಕಡೆಯಿಂದಲೇ ಮಾತಾಡುತ್ತಿದ್ದೀರಿ. ನಾನು ಒಂದು ಕಾಲದಲ್ಲಿ ಆ ಮುನಿಸಿಕೊಂಡವನೇ ಆಗಿದ್ದೆ. ಸ್ಟಾರ್ ಅಂತ ನನಗೆ ನಾನೇ ಅಂದುಕೊಂಡಿದ್ದೆ, ಅದು ಬೇರೆ ಮಾತು.

ಆಗ ನನ್ನ ಹಿಮ್ಮಡಿ ನೋಯುತ್ತಿತ್ತು. ಬೆಳಿಗ್ಗೆ ಎದ್ದು ಮೊದಲ ಹತ್ತು ಹೆಜ್ಜೆ ಗೋಡೆ ಹಿಡಿದು ನಡೆಯುತ್ತಿದ್ದೆ. ಕೋಚ್‌ಗೆ ಹೇಳಲಿಲ್ಲ. ಹೇಳಿದರೆ ಜಾಗ ಹೋಗುತ್ತೆ ಅನ್ನುವ ಭಯ. ಓಟ ಕಮ್ಮಿ ಆಯಿತು. "ಮೈ ಬಗ್ಗಿಸಲ್ಲ ಇವನು" ಅಂತ ಎಲ್ಲರ ಮುಂದೆ ಅಂದರು. ನನಗೆ ಉರಿದು ಹೋಯಿತು. ಮರುದಿನದಿಂದ ಬೇಕಂತಲೇ ನಿಧಾನ ಆದೆ. ಅಂದರೆ ಮೊದಲು ನೋವು ಇತ್ತು, ಆಮೇಲೆ ಮುನಿಸು ಬಂತು, ಹೊರಗಿನವರಿಗೆ ಎರಡೂ ಒಂದೇ ಥರ ಕಂಡವು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ: ಏನಾಗಿದೆಯೋ?

ಕೇಳಿದ್ದರೆ ಹೇಳುತ್ತಿದ್ದೆನಾ? ಮೊದಲ ಸಲ ಹೇಳುತ್ತಿರಲಿಲ್ಲ. ಎರಡನೇ ಸಲ ಹೇಳುತ್ತಿದ್ದೆ ಅನಿಸುತ್ತೆ.

ಎಡಗಾಲು:
ಇದು ಸರಿ. ಆಟ ಕೆಟ್ಟಿದ್ದಕ್ಕೆ ಮುನಿಸು ಬಂತಾ, ಮುನಿಸು ಬಂದಿದ್ದಕ್ಕೆ ಆಟ ಕೆಟ್ಟಿತಾ, ಅದು ಗೊತ್ತಾಗದೆ ಔಷಧಿ ಕೊಡೋದು ಹೇಗೆ?

2010ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್‌ನ ರೂನಿ ಹಾಗೇ ಇದ್ದ. ಫಾರ್ಮ್ ಇಲ್ಲ, ಕಣಕಾಲಿನ ಗಾಯ ಒಂದು ಕಡೆ, ಒಪ್ಪಂದಕ್ಕೆ ಸಹಿ ಹಾಕಲ್ಲ ಅನ್ನುವುದು ಇನ್ನೊಂದು ಕಡೆ. ಈ ಕ್ಲಬ್‌ಗೆ ದೊಡ್ಡ ಆಸೆ ಇದೆಯಾ ಅಂತ ಬಹಿರಂಗವಾಗಿ ಕೇಳಿದ. ಕೋಚ್ ಫರ್ಗೂಸನ್ ಪತ್ರಕರ್ತರ ಮುಂದೆ ಬೇಸರ ತೋಡಿಕೊಂಡರು, ಆದರೆ ಬಾಗಿಲು ತೆರೆದೇ ಇದೆ ಅಂದರು. ಪಕ್ಕದ ಹೊಲದ ಹಸು ನಮ್ಮದಕ್ಕಿಂತ ಚೆನ್ನಾಗಿ ಕಾಣುತ್ತೆ ಅಂತ ಒಂದು ಕತೆಯನ್ನೂ ಬಿಟ್ಟರು. ನಮ್ಮ ದೂರದ ಬೆಟ್ಟ ನುಣ್ಣಗೆ ಅನ್ನೋದನ್ನೇ ಅವರು ಹಸುವಿನ ಮೇಲೆ ಹೇಳಿದ್ದು. ಎರಡು ಮೂರು ದಿನದಲ್ಲಿ ಐದು ವರ್ಷಕ್ಕೆ ಸಹಿ. ಫೆಬ್ರವರಿಯಲ್ಲಿ ಸಿಟಿ ಮೇಲೆ ಗಾಳಿಯಲ್ಲಿ ತಿರುಗಿ ಹೊಡೆದ ಆ ಗೋಲು, ಮೇನಲ್ಲಿ ಲೀಗ್.

ಅದೇ ಫರ್ಗೂಸನ್ 2005ರಲ್ಲಿ ಕೀನ್‌ನನ್ನು ಕಳಿಸಿದರು. ಕ್ಲಬ್‌ನ ಟಿವಿಯಲ್ಲೇ ಕೂತು ಜೊತೆಗಾರರನ್ನು ಒಬ್ಬೊಬ್ಬರಾಗಿ ಜಾಡಿಸಿದ್ದಕ್ಕೆ. ರೂನಿಗೆ 24, ಕೀನ್‌ಗೆ 34. ವಯಸ್ಸು ನೋಡಿಯೇ ತೀರ್ಮಾನ ಮಾಡುತ್ತಾರೆ, ಯಾರೂ ಬಾಯಿಬಿಟ್ಟು ಹೇಳಲ್ಲ.

ಕೆಂಪು ಕಾರ್ಡ್:
ಅಯ್ಯೋ, ಹಾಗಾದ್ರೆ ಏನು ಮಾಡಿದರೂ ಸುಮ್ಮನಿರಬೇಕಾ?

ಎಡಗಾಲು:
ಸುಮ್ಮನಿರಿ ಅಂತ ಯಾರು ಹೇಳಿದರು? ಡೆಂಬೆಲೆ ಕೇಸ್ ನೋಡು. 2024ರ ಅಕ್ಟೋಬರ್ 1, ಚಾಂಪಿಯನ್ಸ್ ಲೀಗ್, ಲಂಡನ್‌ನಲ್ಲಿ ಆರ್ಸೆನಲ್ ಎದುರು ಆಟ. ಪ್ಯಾರಿಸ್ ಕ್ಲಬ್ ಪಿಎಸ್‌ಜಿಯ ಕೋಚ್ ಲೂಯಿಸ್ ಎನ್ರಿಕೆ ಅವನನ್ನು ಪ್ಯಾರಿಸ್‌ನಲ್ಲೇ ಬಿಟ್ಟು ಹೋದರು. ತಂಡ ಕೇಳುವುದನ್ನು ಕೊಡದಿದ್ದರೆ ಆಡಿಸಲ್ಲ, ಅಷ್ಟೇ. 2-0 ಸೋತರು. ಎಲ್ಲರೂ ಕೋಚ್‌ಗೆ ಬೈದರು. ಅವರು ಒಂದು ಹೆಜ್ಜೆಯೂ ಹಿಂದೆ ಹೋಗಲಿಲ್ಲ. ಆದರೆ ಮುಂದಿನ ಲೀಗ್ ಆಟಗಳಿಗೆ ವಾಪಸ್ ಕರೆದರು. ಹಳೇದನ್ನು ಕೆದಕಲಿಲ್ಲ. ಆಮೇಲೆ ಮೈದಾನದ ಬದಿಯಿಂದ ನಡುವಿಗೆ ತಂದು ನಿಲ್ಲಿಸಿದರು.

2025ರ ಮೇ 31ರ ಚಾಂಪಿಯನ್ಸ್ ಲೀಗ್ ಫೈನಲ್ ನೋಡಿದ್ದೀಯಾ? ಪಿಎಸ್‌ಜಿ 5-0. ಡೆಂಬೆಲೆ ಒಂದು ಗೋಲೂ ಹೊಡೆಯಲಿಲ್ಲ. ಇಂಟರ್ ಗೋಲಿ ಝೊಮರ್ ಗೋಲ್ ಕಿಕ್‌ಗೆ ಚೆಂಡು ಇಟ್ಟಾಗ, ಇವನು ಗೋಲಿನ ಮುಂದಿನ ಬಾಕ್ಸ್ ಅಂಚಿನಲ್ಲಿ ಮೈ ಬಗ್ಗಿಸಿ, ಓಟದ ಪಂದ್ಯಕ್ಕೆ ನಿಂತವನ ಹಾಗೆ ಕಾಯುತ್ತಿದ್ದ. ಕಣ್ಣು ಚೆಂಡಿನ ಮೇಲೆ. ಏಳೆಂಟು ತಿಂಗಳ ಹಿಂದೆ ಹೊರಗೆ ಕೂತವನು ಅವನೇ. ಆ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಬ್ಯಾಲನ್ ಡಿ ಓರ್ ಅವನಿಗೇ ಬಂತು.

ಬೆಂಚ್ ಕಾಯುವವ:
ಇಲ್ಲಿ ನನಗೆ ಮುಖ್ಯ ಅನಿಸಿದ್ದು ಒಂದು. ಆಟ ಸರಿ ಇಲ್ಲ ಅಂತ ಕೂರಿಸುವುದು ಬೇರೆ. ನಡತೆ ಸರಿ ಇಲ್ಲ ಅಂತ ಕೂರಿಸುವುದು ಬೇರೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಆಟಗಾರನಿಗೆ ಯಾವುದಕ್ಕೆ ಹೊರಗಿದ್ದೇನೆ ಅಂತಲೇ ಗೊತ್ತಾಗಲ್ಲ. ನಡತೆಗಾದರೆ ಇಷ್ಟು ಆಟ ಅಂತ ಹೇಳಿ, ಮುಗಿದ ದಿನ ಮುಗಿಯಿತು. ಆಟಕ್ಕಾದರೆ ಏನು ಮಾಡಿದರೆ ವಾಪಸ್ ಬರಬಹುದು ಅಂತ ಹೇಳಿ. ನನಗೆ ಎರಡೂ ಹೇಳಲಿಲ್ಲ. ಪಟ್ಟಿಯಲ್ಲಿ ಹೆಸರು ಇರುತ್ತಿರಲಿಲ್ಲ, ಅಷ್ಟೇ.

ಆಫ್‌ಸೈಡ್ ಅಕ್ಕ:
ಮತ್ತೆ, ಹೇಳುವುದಾದರೆ ಕೋಣೆಯ ಒಳಗೆ ಹೇಳಬೇಕು. ಯುನೈಟೆಡ್‌ನ ಸ್ಯಾಂಚೊ ಕತೆ ಹಾಳಾಗಿದ್ದೇ ಅಲ್ಲಿ. 2023ರ ಸೆಪ್ಟೆಂಬರ್‌ನಲ್ಲಿ ಆರ್ಸೆನಲ್ ಆಟಕ್ಕೆ ಯಾಕಿಲ್ಲ ಅಂತ ಪತ್ರಕರ್ತರು ಕೇಳಿದರು. ಪ್ರಾಕ್ಟೀಸ್ ಸಾಲದು ಅಂತ ಟೆನ್ ಹಾಗ್ ಅಲ್ಲೇ ಅಂದರು. ಹುಡುಗ ಅದೇ ದಿನ, ಇದು ನಿಜ ಅಲ್ಲ, ನನ್ನನ್ನು ಬಲಿ ಮಾಡುತ್ತಿದ್ದಾರೆ ಅಂತ ಆನ್‌ಲೈನ್‌ನಲ್ಲಿ ಬರೆದ. ಆಮೇಲೆ ಕ್ಷಮೆ ಕೇಳು ಅಂತ ಇವರು, ಕೇಳಲ್ಲ ಅಂತ ಅವನು. ತಿಂಗಳುಗಟ್ಟಲೆ ಅದೇ. ಜನವರಿಯಲ್ಲಿ ಅವನನ್ನು ಡಾರ್ಟ್‌ಮುಂಡ್ ಕ್ಲಬ್‌ಗೆ ಎರವಲು ಕೊಟ್ಟರು, ಅವನು ಚಾಂಪಿಯನ್ಸ್ ಲೀಗ್ ಫೈನಲ್ ಆಡಿ ಬಂದ. 7.3 ಕೋಟಿ ಪೌಂಡ್ ಕೊಟ್ಟು ತಂದ ಹುಡುಗ. ಕೋಚ್ ಆ ದಿನ "ಅದು ನಮ್ಮೊಳಗಿನ ವಿಷಯ" ಅಂತ ಒಂದು ಮಾತು ಹೇಳಿದ್ದರೆ ಸಾಕಿತ್ತು.

ಲೆಕ್ಕದ ಮೇಷ್ಟ್ರು:
ಉಳಿದ ಆಟಗಾರರನ್ನೂ ಮರೆಯಬೇಡಿ. ವಾನ್ ಹೂಯ್‌ಡಾಂಕ್ 1998ರಲ್ಲಿ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ ಆಡಲ್ಲ ಅಂತ ಮುಷ್ಕರ ಹೂಡಿದ. ಯಾರೂ ಕೊಳ್ಳಲಿಲ್ಲ, ನವೆಂಬರ್‌ನಲ್ಲಿ ವಾಪಸ್ ಬಂದ. ಡರ್ಬಿ ಕೌಂಟಿ ತಂಡದ ವಿರುದ್ಧ ಗೋಲು ಹೊಡೆದ. ಜೊತೆಗಾರರು ಅವನ ಹತ್ತಿರ ಓಡಿ ಬರಲಿಲ್ಲ. ಗೋಲು ಹೊಡೆದವನು ಒಬ್ಬನೇ ನಿಂತಿದ್ದ. ತಂಡ ಆ ವರ್ಷ ಕೊನೆಯ ಸ್ಥಾನಕ್ಕೆ ಹೋಗಿ ಕೆಳಗೆ ಇಳಿಯಿತು. ಕೋಚ್ ಕ್ಷಮಿಸಿದರೂ ಡ್ರೆಸ್ಸಿಂಗ್ ರೂಮ್ ಕ್ಷಮಿಸದಿದ್ದರೆ ಏನೂ ನಡೆಯಲ್ಲ.

ಉಲ್ಟಾನೂ ಆಗುತ್ತೆ. 2010ರ ವಿಶ್ವಕಪ್‌ನಲ್ಲಿ ಫ್ರಾನ್ಸ್ ಅನೆಲ್ಕಾನನ್ನು ಮನೆಗೆ ಕಳಿಸಿತು. ಇಡೀ ತಂಡ ಪ್ರಾಕ್ಟೀಸ್ ಬಿಟ್ಟು ಬಸ್ ಹತ್ತಿ ಕೂತಿತು. ಒಂದು ಪಾಯಿಂಟ್‌ನೊಂದಿಗೆ ಮೊದಲ ಸುತ್ತಲ್ಲೇ ಮನೆಗೆ.

ಗೋಲ್‌ಪೋಸ್ಟ್:
ಅಂದ್ರೆ ಮೊದಲು ಹುಡುಗರ ಮುಖ ನೋಡಬೇಕು. ಬೂಟು ಸಾರ್, ಬಿಬ್ ಎತ್ತಿದ ಹುಡುಗ ಏನಂತಾನೆ?

ಹಳೇ ಬೂಟು:
ಅವನು ಏನೂ ಅನ್ನಲ್ಲ. ಅದೇ ನನಗೆ ತೊಂದರೆ.

ಹಳೇ ಬೂಟು:
ಮೂರು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಅವನ ಜೊತೆ ಮಾತಾಡಿದೆ. ಮೈದಾನದ ಮೆಟ್ಟಿಲ ಮೇಲೆ, ಇಬ್ಬರೇ. ಮೊದಲ ಕಾಲು ಗಂಟೆ ಫೋನ್ ನೋಡುತ್ತಾ ಕೂತ. ಬೆಂಚ್ ಕಾಯುವವರು ಹೇಳಿದ ಹಾಗೆ ಎರಡನೇ ಸಲ ಕೇಳಿದೆ. "ನನಗೆ ಚೆಂಡೇ ಬರಲ್ಲ ಸಾರ್" ಅಂದ. ಎಲ್ಲ ಸ್ಟ್ರೈಕರ್‌ಗಳೂ ಹೇಳುವ ಮಾತು, ನಾನು ನಂಬಲಿಲ್ಲ.

ರಾತ್ರಿ ಕೂತು ವಿಡಿಯೋ ನೋಡಿದೆ. ಹೋದ ಸೀಸನ್‌ನ ಒಂದು ಆಟ, ಕಳೆದ ಭಾನುವಾರದ ಆಟ. ಬಾಕ್ಸ್ ಒಳಗೆ ಅವನು ಎಷ್ಟು ಸಲ ಚೆಂಡು ಮುಟ್ಟಿದ ಅಂತ ಕಾಗದದ ಮೇಲೆ ಗೀಟು ಹಾಕಿದೆ. ಆಗ 11. ಈಗ 2. ಆಗ ಪಕ್ಕದಲ್ಲಿ ಇನ್ನೊಬ್ಬ ಸ್ಟ್ರೈಕರ್ ಇದ್ದ, ಅವನು ತಂಡ ಬಿಟ್ಟ ಮೇಲೆ ನಾನು ಇವನನ್ನು ಒಬ್ಬನೇ ಮುಂದೆ ನಿಲ್ಲಿಸಿದ್ದೆ. ಮೂರನೇ ಆಟದಿಂದ. ಗೋಲಿಗೆ ಬೆನ್ನು ಮಾಡಿ, ಇಬ್ಬರು ಡಿಫೆಂಡರ್‌ಗಳ ನಡುವೆ, ಬರುವ ಉದ್ದ ಚೆಂಡಿಗೆ ಹಾರುತ್ತಾ ಇರಬೇಕು. ಅದು ಅವನ ಆಟವೇ ಅಲ್ಲ.

ಕೆಂಪು ಕಾರ್ಡ್:
ಹಾಗಾದ್ರೆ ತಪ್ಪು ನಿಮ್ಮದೇ ಅಂತಾಯ್ತಲ್ಲ ಗುರು!

ಹಳೇ ಬೂಟು:
ಗೋಲು ಬರದಿದ್ದದ್ದರಲ್ಲಿ ಅರ್ಧ ನನ್ನದು. ಅವನಿಗೂ ಹಾಗೇ ಹೇಳಿದೆ, ಇಬ್ಬರು ಮುಂದೆ ಆಡುವ ಪದ್ಧತಿಗೆ ವಾಪಸ್ ಹೋಗೋಣ ಅಂದೆ. ಮುಖ ಸ್ವಲ್ಪ ಅರಳಿತು. ಆಮೇಲೆ ಬಿಬ್ ವಿಷಯ ತೆಗೆದೆ. ಅದು ನಿನ್ನದು, ಅದರಲ್ಲಿ ನನ್ನ ಪಾಲಿಲ್ಲ, ಅದಕ್ಕೆ ಒಂದು ಆಟ ಬೆಂಚು ಅಂದೆ. ಮತ್ತೆ ಫೋನ್ ತೆಗೆದ.

ಆಫ್‌ಸೈಡ್ ಅಕ್ಕ:
ಒಂದೇ ಆಟ ತಾನೇ, ಜಾಸ್ತಿ ಎಳೆಯಬೇಡಿ. ಗಾರ್ಡಿಯೋಲಾ 2008ರಲ್ಲಿ ಬಾರ್ಸಿಲೋನಾಗೆ ಕೋಚ್ ಆಗಿ ಬಂದ ಮೊದಲ ದಿನವೇ ಸ್ಟ್ರೈಕರ್ ಎಟೋ ನಮ್ಮ ಲೆಕ್ಕದಲ್ಲಿಲ್ಲ ಅಂದಿದ್ದರು. ಅವನು ಹೋಗಲಿಲ್ಲ, ಇವರೂ ಮಾತು ಬದಲಿಸಿದರು. ಆ ಸೀಸನ್ ಲೀಗ್‌ನಲ್ಲಿ 30 ಗೋಲು, ರೋಮ್‌ನಲ್ಲಿ ನಡೆದ ಚಾಂಪಿಯನ್ಸ್ ಲೀಗ್ ಫೈನಲ್‌ನ ಮೊದಲ ಗೋಲೂ ಅವನದೇ. ಕೋಚ್ ಮಾತು ಬದಲಿಸಿದರೆ ಮಾನ ಹೋಗಲ್ಲ.

ಎಡಗಾಲು:
ಫೈನಲ್ ಆದ ಎರಡೇ ತಿಂಗಳಿಗೆ ಅವನನ್ನು ಇಂಟರ್‌ಗೆ ಕೊಟ್ಟರು, ಅದನ್ನೂ ಹೇಳಿ ಅಕ್ಕ.

ಆಫ್‌ಸೈಡ್ ಅಕ್ಕ:
ನಾಳೆಯ ಮಾತು ನಾಳೆಗೆ. ಪಟ್ಟಿ ಹಾಕಿದಿರಾ ಬೂಟು ಅವರೇ?

ಹಳೇ ಬೂಟು:
ಬೆಳಿಗ್ಗೆ ತಂಡದ ಗ್ರೂಪ್‌ನಲ್ಲಿ ಹಾಕಿದೆ. 18 ಜನರ ಪಟ್ಟಿಯಲ್ಲಿ ಇದ್ದಾನೆ, ಆಟ ಶುರು ಮಾಡುವ 11ರಲ್ಲಿ ಇಲ್ಲ. ಎಲ್ಲರೂ ಹೆಬ್ಬೆರಳು ತೋರಿಸಿದ್ದಾರೆ, ಅವನೊಬ್ಬನನ್ನು ಬಿಟ್ಟು. ನೋಡಿದ್ದಾನೆ ಅಂತ ಮಾತ್ರ ತೋರಿಸುತ್ತಿದೆ.

ಗೋಲ್‌ಪೋಸ್ಟ್:
ಆ 17ರ ಹುಡುಗ?

ಹಳೇ ಬೂಟು:
11ರಲ್ಲಿ. ಎಷ್ಟು ಗಂಟೆಗೆ ಬರಬೇಕು ಸಾರ್ ಅಂತ ಆಗಲೇ ಎರಡು ಸಲ ಫೋನ್ ಮಾಡಿದ. ಪಟ್ಟಿಯಲ್ಲೇ ಬರೆದಿದ್ದೇನೆ.